ಸುರಂಗ ಸರಿಯಿದ್ದರೂ ದಾರಿ ತಪ್ಪುವ ಪ್ಯಾಕೆಟ್‌ಗಳು

ಬೇರೆ ಬೇರೆ ಊರುಗಳಲ್ಲಿರುವ ಕಚೇರಿಗಳ ಜಾಲಗಳನ್ನು ಸಾರ್ವಜನಿಕ ಇಂಟರ್ನೆಟ್‌ನ ಮೂಲಕವೇ ಬೆಸೆಯುವ ಗೂಢಲಿಪಿ ಸುರಂಗವು, ಅಂದರೆ ತಂತ್ರಜ್ಞರು ಆಡುಮಾತಿನಲ್ಲಿ ‘ವಿಪಿಎನ್ ಟನೆಲ್’ ಎನ್ನುವ ವ್ಯವಸ್ಥೆಯು, ಹೊರನೋಟಕ್ಕೆ ಒಂದೇ ಸಾಧನದಂತೆ ಕಂಡರೂ ಎರಡು ಪ್ರತ್ಯೇಕ ಕೆಲಸಗಳನ್ನು ಒಳಗೊಂಡಿದೆ. ಎರಡು ತುದಿಯ ರೂಟರ್‌ಗಳು ಪರಸ್ಪರ ಗುರುತನ್ನು ಪರೀಕ್ಷಿಸಿ, ಕೀಲಿಗಳನ್ನು ಒಪ್ಪಿಕೊಂಡು, ತಮ್ಮ ನಡುವೆ ಸಾಗುವ ಪ್ಯಾಕೆಟ್‌ಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು, ಮೂರನೆಯವರು ಓದಲಾಗದಂತೆ ಮುಚ್ಚುವುದು ಮೊದಲನೆಯ ಕೆಲಸ. ಯಾವ ಪ್ಯಾಕೆಟ್ ಈ ಸುರಂಗವನ್ನು ಹೊಗಬೇಕು, ಯಾವುದು ನೇರವಾಗಿ ಇಂಟರ್ನೆಟ್‌ಗೆ ಹೋಗಬೇಕು, ಹೋದದ್ದಕ್ಕೆ ಬರುವ ಉತ್ತರ ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವುದು ಎರಡನೆಯದು. ಟಪಾಲು ಕಚೇರಿಯಲ್ಲಿ ಚೀಲದ ಬಾಯಿ ಕಟ್ಟಿ ಅರಗಿನ ಮುದ್ರೆ ಒತ್ತುವವನ ಕೆಲಸವೇ ಬೇರೆ, ಯಾವ ಕಾಗದ ಯಾವ ಚೀಲಕ್ಕೆ ಎಂದು ವಿಂಗಡಿಸುವವನ ಕೆಲಸವೇ ಬೇರೆ. ಮುದ್ರೆ ಎಷ್ಟೇ ಗಟ್ಟಿಯಾಗಿರಲಿ, ವಿಂಗಡಣೆ ತಪ್ಪಿದರೆ ಸಾಗರದ ಕಾಗದ ಸಾಗರಕ್ಕೆ ಮುಟ್ಟದು. ‘ಟನೆಲ್ ಅಪ್ ಇದೆ, ಆದರೆ ಸರ್ವರ್ ಸಿಗುತ್ತಿಲ್ಲ’ ಎಂಬ ದೂರು ಹೆಚ್ಚಿನ ಪಾಲು ಈ ವಿಂಗಡಣೆಗೆ ಸೇರಿದ್ದು. ಆದರೆ ದುರಸ್ತಿಗೆ ತೊಡಗುವವರು ಮೊದಲು ಕೈ ಹಾಕುವುದು ಮುದ್ರೆಗೇ, ಅಂದರೆ ಕೀಲಿಯನ್ನು ಮತ್ತೆ ಮತ್ತೆ ಟೈಪಿಸುವುದಕ್ಕೆ ಮತ್ತು ರೂಟರನ್ನು ಆರಿಸಿ ಹೊತ್ತಿಸುವುದಕ್ಕೆ.

ವಿವರಣೆಯ ಅನುಕೂಲಕ್ಕಾಗಿ ಒಂದು ಪತ್ತಿನ ಸಹಕಾರ ಸಂಘದ ಜಾಲವನ್ನು ಕಲ್ಪಿಸಿಕೊಳ್ಳಬಹುದು. ಅದರ ಮುಖ್ಯ ಕಚೇರಿ ಶಿವಮೊಗ್ಗದಲ್ಲಿದ್ದು, ಒಳಜಾಲದ ವಿಳಾಸಗಳು 10.10.1.0/24 ವ್ಯಾಪ್ತಿಯಲ್ಲಿವೆ, ಲೆಕ್ಕಪತ್ರದ ಸರ್ವರ್ 10.10.1.20ರಲ್ಲಿದೆ, ಸಾಗರದ ಶಾಖೆಗೆ 10.10.2.0/24, ತೀರ್ಥಹಳ್ಳಿಯ ಶಾಖೆಗೆ 10.10.3.0/24 ಕೊಡಲಾಗಿದೆ. ಮುಖ್ಯ ಕಚೇರಿಯ ಸಾರ್ವಜನಿಕ ವಿಳಾಸ 203.0.113.10 ಎಂದಿರಲಿ, ಇದು ಪುಸ್ತಕಗಳ ಉದಾಹರಣೆಗೆಂದೇ ಮೀಸಲಿಟ್ಟ ವ್ಯಾಪ್ತಿಯ ಸಂಖ್ಯೆಯಾದ್ದರಿಂದ ಯಾರ ಜಾಲಕ್ಕೂ ಸೇರಿದ್ದಲ್ಲ. ಸಾಗರದ ಕೌಂಟರಿನ ಕಂಪ್ಯೂಟರ್, ಅಂದರೆ 10.10.2.15, ಸರ್ವರಿಗೆ ಕಳಿಸಿದ ಪ್ಯಾಕೆಟ್ ಶಾಖೆಯ ರೂಟರಿಗೆ ಬಂದಾಗ ಅದರ ಮೇಲೆ ಒಳವಿಳಾಸಗಳು ಮಾತ್ರ ಇರುತ್ತವೆ. ರೂಟರ್ ಅದನ್ನು ಇಡಿಯಾಗಿ ಗೂಢಲಿಪಿಗೆ ತಿರುಗಿಸಿ, ಮೇಲೆ ಇನ್ನೊಂದು ಹೊದಿಕೆ ಹಾಕಿ, ಆ ಹೊದಿಕೆಯ ಮೇಲೆ 203.0.113.10 ಎಂದು ಬರೆದು ಹೊರಗೆ ಬಿಡುತ್ತದೆ. ಹೀಗೆ ಒಂದೇ ಪ್ಯಾಕೆಟ್‌ಗಾಗಿ ಮಾರ್ಗಪಟ್ಟಿಯನ್ನು, ಅಂದರೆ ರೂಟಿಂಗ್ ಟೇಬಲನ್ನು, ಒಳವಿಳಾಸಕ್ಕೆ ಒಮ್ಮೆ, ಹೊದಿಕೆಯ ವಿಳಾಸಕ್ಕೆ ಇನ್ನೊಮ್ಮೆ ನೋಡಬೇಕಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅನೇಕ ಗೋಜಲುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಒಳವಿಳಾಸವನ್ನು ನೋಡಿ ಪ್ಯಾಕೆಟನ್ನು ಸುರಂಗಕ್ಕೆ ಕಳಿಸುವ ಬಗೆಯು ಎಲ್ಲ ರೂಟರ್‌ಗಳಲ್ಲೂ ಒಂದೇ ಅಲ್ಲ. ಐಪಿಸೆಕ್ ಎಂಬ ಹಳೆಯ ಮತ್ತು ಇಂದಿಗೂ ವ್ಯಾಪಕವಾದ ಪದ್ಧತಿಯ ಒಂದು ರೂಪದಲ್ಲಿ ‘ಇಂಥ ಮೂಲದಿಂದ ಇಂಥ ಗುರಿಗೆ ಹೋಗುವುದೆಲ್ಲ ಮುಚ್ಚಿ ಹೋಗಲಿ’ ಎಂಬ ನೀತಿಯೇ ದಾರಿಯನ್ನೂ ನಿರ್ಧರಿಸುತ್ತದೆ. ಈ ಮೂಲ-ಗುರಿ ಜೋಡಿಗೆ ಟ್ರಾಫಿಕ್ ಸೆಲೆಕ್ಟರ್ ಎಂದು ಹೆಸರು. ಇನ್ನೊಂದು ರೂಪದಲ್ಲಿ ಸುರಂಗಕ್ಕೆಂದೇ ಒಂದು ಕಾಲ್ಪನಿಕ ಇಂಟರ್‌ಫೇಸ್ ಸೃಷ್ಟಿಯಾಗಿ, ಮಾರ್ಗಪಟ್ಟಿಯು ಯಾವುದನ್ನು ಅದರತ್ತ ತೋರಿಸುತ್ತದೆಯೋ ಅದು ಸುರಂಗವನ್ನು ಹೊಗುತ್ತದೆ. 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರೊಂದಿಗೆ ಕರ್ನೆಲ್‌ನ ಭಾಗವಾದ ವೈರ್‌ಗಾರ್ಡ್‌ನಲ್ಲಿ ಎರಡೂ ಬೇಕು: ಮಾರ್ಗಪಟ್ಟಿ ಪ್ಯಾಕೆಟನ್ನು ಇಂಟರ್‌ಫೇಸಿಗೆ ತರುತ್ತದೆ, ಬಳಿಕ ‘ಅಲೌಡ್ ಐಪೀಸ್’ ಎಂಬ ಪಟ್ಟಿಯು ಅದು ಯಾವ ಶಾಖೆಯ ಕೀಲಿಗೆ ಸೇರಿದ್ದೆಂದು ಹೇಳುತ್ತದೆ, ಮತ್ತು ಒಳಬರುವಾಗ ಅದೇ ಪಟ್ಟಿ ಕಾವಲುಗಾರನೂ ಆಗಿ, ತನ್ನಲ್ಲಿಲ್ಲದ ಮೂಲವಿಳಾಸದ ಪ್ಯಾಕೆಟನ್ನು ಸದ್ದಿಲ್ಲದೆ ಎಸೆಯುತ್ತದೆ. ಒಂದೇ ವ್ಯಾಪ್ತಿಯನ್ನು ಎರಡು ಶಾಖೆಗಳಿಗೆ ಬರೆದರೆ ಕೊನೆಗೆ ಬರೆದ ಶಾಖೆಗೆ ಅದು ದಕ್ಕಿ, ಮೊದಲಿನದು ಯಾವ ಎಚ್ಚರಿಕೆಯೂ ಇಲ್ಲದೆ ಕಳೆದುಕೊಳ್ಳುತ್ತದೆ. ತೀರ್ಥಹಳ್ಳಿಯನ್ನು ಸೇರಿಸಿದ ದಿನವೇ ಸಾಗರ ನಿಂತುಹೋಯಿತೆಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಸುರಂಗವೇ ಏಳದಿದ್ದರೆ ಮಾರ್ಗದ ಚರ್ಚೆಗೆ ಅರ್ಥವಿಲ್ಲವಾದ್ದರಿಂದ ಆ ಪರೀಕ್ಷೆಯನ್ನು ಚುಟುಕಾಗಿ ಮುಗಿಸಬೇಕು. ಐಪಿಸೆಕ್‌ನ ಕೀಲಿ ಮಾತುಕತೆ ಯುಡಿಪಿ 500ನೇ ಪೋರ್ಟಿನಲ್ಲಿ ನಡೆಯುತ್ತದೆ, ನಡುವೆ ವಿಳಾಸ ಬದಲಾಯಿಸುವ ಸಾಧನವಿದ್ದರೆ 4500ಕ್ಕೆ ವರ್ಗವಾಗುತ್ತದೆ, ಮುಚ್ಚಿದ ದತ್ತಾಂಶವು ಇಎಸ್‌ಪಿ ಎಂಬ 50ನೇ ಸಂಖ್ಯೆಯ ಪ್ರೊಟೋಕಾಲ್ ಆಗಿ ಅಥವಾ ಅದೇ 4500ರೊಳಗೆ ಸಾಗುತ್ತದೆ. ಶಾಖೆಯ ಬ್ರಾಡ್‌ಬ್ಯಾಂಡಿನ ಹೊರವಿಳಾಸವು 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗುತ್ತಿದ್ದರೆ ಅದು 2012ರಲ್ಲಿ ಸೇವಾದಾರರಿಗೆಂದು ಮೀಸಲಿಟ್ಟ ಹಂಚಿಕೆಯ ವಿಳಾಸ, ಅಂದರೆ ನೂರಾರು ಮನೆ-ಕಚೇರಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕುಳಿತಿವೆ ಎಂದು ತಿಳಿಯಬೇಕು. ಅಂಥಲ್ಲಿ ಮುಖ್ಯ ಕಚೇರಿಯು ಶಾಖೆಯನ್ನು ಕರೆಯಲಾಗದು, ಶಾಖೆಯೇ ಮೊದಲು ಕರೆ ಮಾಡಿ, ವೈರ್‌ಗಾರ್ಡ್ ಆದರೆ ಸುಮಾರು 25 ಸೆಕೆಂಡಿಗೊಮ್ಮೆ ಖಾಲಿ ಪ್ಯಾಕೆಟ್ ಕಳಿಸುತ್ತ ಬಾಗಿಲು ಮುಚ್ಚದಂತೆ ನೋಡಿಕೊಳ್ಳಬೇಕು.

ಎಣಿಕೆಗಳು ಹೇಳುವುದು

ಪ್ರತಿಯೊಂದು ರೂಟರೂ ಸುರಂಗದೊಳಕ್ಕೆ ಎಷ್ಟು ಪ್ಯಾಕೆಟ್ ಮುಚ್ಚಿ ಕಳಿಸಿತು, ಎಷ್ಟನ್ನು ಬಿಚ್ಚಿ ಒಳಗೆ ತೆಗೆದುಕೊಂಡಿತು ಎಂಬ ಎರಡು ಎಣಿಕೆಗಳನ್ನು ಇಟ್ಟಿರುತ್ತದೆ. ಸಿಸ್ಕೊ ರೂಟರಿನಲ್ಲಿ ಇವು ‘ಎನ್‌ಕ್ಯಾಪ್ಸ್’ ಮತ್ತು ‘ಡೀಕ್ಯಾಪ್ಸ್’ ಎಂದು ಕಾಣುತ್ತವೆ. ವೈರ್‌ಗಾರ್ಡಿನಲ್ಲಿ ಕಳಿಸಿದ ಮತ್ತು ಪಡೆದ ಬೈಟುಗಳಾಗಿ ಕಾಣುತ್ತವೆ. ಎರಡು ತುದಿಗಳ ಈ ನಾಲ್ಕು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು, ಸಾಗರದಿಂದ ಎಡೆಬಿಡದೆ ಪಿಂಗ್ ನಡೆಸುತ್ತ, ಯಾವುದು ಏರುತ್ತದೆ ಯಾವುದು ನಿಂತಿದೆ ಎಂದು ನೋಡುವುದಕ್ಕಿಂತ ಹೆಚ್ಚು ಫಲ ಕೊಡುವ ಪರೀಕ್ಷೆ ಈ ವಿಷಯದಲ್ಲಿ ಇನ್ನೊಂದಿಲ್ಲ. ಐದು ನಿಮಿಷದ ಈ ಕೆಲಸವನ್ನು ಬಿಟ್ಟು ಅರ್ಧ ದಿನ ಊಹೆಯಲ್ಲಿ ಕಳೆಯುವವರೇ ಹೆಚ್ಚು ಎಂಬುದು ವಿಚಿತ್ರವಾದರೂ ನಿಜ.

ಸಾಗರದ ಕಳಿಸಿದ ಎಣಿಕೆಯೇ ಏರದಿದ್ದರೆ ಪ್ಯಾಕೆಟ್ ಸುರಂಗದ ಬಾಯಿಗೇ ಬಂದಿಲ್ಲ, ಆದ್ದರಿಂದ ದೋಷವು ಶಾಖೆಯ ಮಾರ್ಗಪಟ್ಟಿಯಲ್ಲಿ, ಸೆಲೆಕ್ಟರಿನಲ್ಲಿ ಅಥವಾ ವಿಳಾಸ ಬದಲಾವಣೆಯಲ್ಲಿದೆ. ಶಿವಮೊಗ್ಗದ ರೂಟರನ್ನು ಮುಟ್ಟುವ ಅಗತ್ಯವೇ ಇಲ್ಲ. ಸಾಗರ ಕಳಿಸುತ್ತಿದ್ದು ಶಿವಮೊಗ್ಗ ಏನನ್ನೂ ಪಡೆಯದಿದ್ದರೆ ನಡುವಿನ ಯಾವುದೋ ಸಾಧನ ಇಎಸ್‌ಪಿಯನ್ನೋ 4500ನೇ ಪೋರ್ಟನ್ನೋ ತಡೆಯುತ್ತಿದೆ, ಇಲ್ಲವೆ ಒಂದು ತುದಿ ಹಳೆಯ ಕೀಲಿಯಲ್ಲೇ ಮಾತಾಡುತ್ತಿದೆ. ಶಿವಮೊಗ್ಗ ಪಡೆಯುತ್ತಿದ್ದು ತಾನು ಏನನ್ನೂ ಕಳಿಸದಿದ್ದರೆ, ಹೋಗುವ ದಾರಿ ಪೂರ್ತಿ ಸರಿಯಿದೆ, ಉತ್ತರವೇ ಸುರಂಗಕ್ಕೆ ಹಿಂದಿರುಗುತ್ತಿಲ್ಲ ಎಂದರ್ಥ. ಅನೇಕರು ಸುರಂಗವೇ ಕೆಟ್ಟಿದೆಯೆಂದು ನಂಬಿ ಕೂರುವುದು ಈ ಸ್ಥಿತಿಯಲ್ಲೇ.

ಇಲ್ಲೊಂದು ಹಳೆಯ ಗುಂಡಿಯಿದೆ. ಪಿಂಗನ್ನು ರೂಟರಿನ ಒಳಗಿನಿಂದಲೇ ಮಾಡಿದರೆ ಅದು ಗುರಿಯತ್ತ ಹೋಗುವ ಇಂಟರ್‌ಫೇಸಿನ ವಿಳಾಸವನ್ನು, ಎಷ್ಟೋ ಬಾರಿ ಹೊರವಿಳಾಸವನ್ನೇ, ಮೂಲವಾಗಿ ಬಳಸುತ್ತದೆ. ಆ ವಿಳಾಸ ಸೆಲೆಕ್ಟರಿನಲ್ಲಿ ಇಲ್ಲದಿರುವುದರಿಂದ ಎಲ್ಲ ಸರಿಯಿದ್ದರೂ ಪಿಂಗ್ ಸೋಲುತ್ತದೆ. ಆದ್ದರಿಂದ ಮೂಲವಿಳಾಸವನ್ನು ಒಳಜಾಲದ್ದೆಂದು ಸ್ಪಷ್ಟವಾಗಿ ಸೂಚಿಸಬೇಕು, ಅದಕ್ಕಿಂತ ಒಳ್ಳೆಯದೆಂದರೆ ಕೌಂಟರಿನ ಕಂಪ್ಯೂಟರಿನಿಂದಲೇ ಪರೀಕ್ಷಿಸಬೇಕು. ಗುರಿಯಾಗಿ ಇನ್ನೊಂದು ತುದಿಯ ವಿಂಡೋಸ್ ಕಂಪ್ಯೂಟರನ್ನು ಆರಿಸುವುದೂ ಜಾಣತನವಲ್ಲ, ಏಕೆಂದರೆ ಅದರ ಫೈರ್‌ವಾಲ್ ಬೇರೆ ಸಬ್‌ನೆಟ್‌ನಿಂದ ಬಂದ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಕೊಡಗೊಡದು.

ವಿಳಾಸ ಬದಲಾದರೆ ದಾರಿಯೂ ಬದಲು

ಶಾಖೆಯ ರೂಟರ್ ಸುರಂಗದ ತುದಿಯಷ್ಟೇ ಅಲ್ಲ, ಇಡೀ ಕಚೇರಿಯನ್ನು ಇಂಟರ್ನೆಟ್‌ಗೆ ತಲುಪಿಸುವ ಸಾಧನವೂ ಹೌದು. ಅದಕ್ಕಾಗಿ ಅದು ಹೊರಹೋಗುವ ಪ್ಯಾಕೆಟ್‌ಗಳ ಖಾಸಗಿ ಮೂಲವಿಳಾಸವನ್ನು ಅಳಿಸಿ ತನ್ನ ಹೊರವಿಳಾಸವನ್ನು ಬರೆಯುತ್ತದೆ. ನ್ಯಾಟ್ ಎಂದು ಕರೆಯಲಾಗುವ ಈ ಬದಲಾವಣೆ ಲಿನಕ್ಸ್ ಆಧಾರಿತ ರೂಟರ್‌ಗಳಲ್ಲಿ ಗೂಢಲಿಪಿಗೆ ತಿರುಗಿಸುವ ಹಂತಕ್ಕಿಂತ ಮೊದಲೇ ನಡೆಯುವುದರಿಂದ, ಸುರಂಗಕ್ಕೆ ಹೊರಟ ಪ್ಯಾಕೆಟಿನ ಮೂಲವಿಳಾಸವೂ ಬದಲಾಗಿ, ಬದಲಾದ ಪ್ಯಾಕೆಟ್ ಸೆಲೆಕ್ಟರಿಗೆ ಹೊಂದದೆ, ಮುಚ್ಚದೆಯೇ ಸೇವಾದಾರರ ಕಡೆಗೆ ಹೋಗಿಬಿಡುತ್ತದೆ. ಸೇವಾದಾರರು 10ರಿಂದ ಆರಂಭವಾಗುವ ಖಾಸಗಿ ಗುರಿಯ ಪ್ಯಾಕೆಟನ್ನು ಎಸೆಯುತ್ತಾರೆ, ಬಳಕೆದಾರನಿಗೆ ಕಾಣುವುದು ಮೌನ ಮಾತ್ರ. ಪರಿಹಾರವೆಂದರೆ 10.10.2.0/24ರಿಂದ 10.10.1.0/24ಕ್ಕೆ ಹೋಗುವುದನ್ನು ನ್ಯಾಟ್‌ನಿಂದ ಹೊರಗಿಡುವ ನಿಯಮವನ್ನು ಬರೆದು, ಅದನ್ನು ಸಾಮಾನ್ಯ ನ್ಯಾಟ್ ನಿಯಮದ ಮೇಲೆಯೇ ಇರಿಸುವುದು. ಕೆಳಗಿಟ್ಟರೆ ಬರೆದೂ ಬರೆಯದಂತೆ.

ಈ ನಿಯಮವನ್ನು ಸರಿಪಡಿಸಿದ ಮೇಲೂ ಇಡೀ ಕಚೇರಿ ಸರಿಹೋಗಿ ಐಪಿ ಫೋನುಗಳು ಮಾತ್ರ ಮೂಕವಾಗಿಯೇ ಉಳಿಯುವುದುಂಟು. ರೂಟರ್ ಒಂದು ಸಂಭಾಷಣೆಗೆ ನ್ಯಾಟ್ ನಿರ್ಧಾರವನ್ನು ಮೊದಲ ಪ್ಯಾಕೆಟಿನಲ್ಲೇ ಕೈಗೊಂಡು ಸಂಪರ್ಕದ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಆ ದಾಖಲೆ ಬದುಕಿರುವವರೆಗೆ ಹೊಸ ನಿಯಮದ ಕಡೆ ನೋಡುವುದಿಲ್ಲ. ಸುರಂಗ ಬಿದ್ದಿದ್ದ ಹೊತ್ತಿನಲ್ಲಿ ಫೋನು ಮಾಡಿದ ಮೊದಲ ಪ್ರಯತ್ನವು ತಪ್ಪು ನಿರ್ಧಾರವನ್ನು ದಾಖಲಿಸಿದ್ದರೆ, ಅದು ಪದೇ ಪದೇ ಕಳಿಸುವ ಸಂದೇಶಗಳೇ ಆ ದಾಖಲೆಗೆ ಆಯುಷ್ಯ ತುಂಬುತ್ತಿರುತ್ತವೆ. ಫೋನಿನ ಸಂಪರ್ಕದಾಖಲೆಯನ್ನಷ್ಟೇ ಅಳಿಸಿದರೆ ಸಾಕು. ರೂಟರನ್ನು ಆರಿಸಿ ಹೊತ್ತಿಸಿದಾಗ ‘ತಾನಾಗಿಯೇ ಸರಿಹೋಯಿತು’ ಎನ್ನಿಸುವ ಎಷ್ಟೋ ದೋಷಗಳ ಗುಟ್ಟು ಇದೇ.

ಮಾರ್ಗಪಟ್ಟಿಯನ್ನೇ ನೆಚ್ಚಿದ ಸುರಂಗಗಳಲ್ಲಿ ಇದೇ ಬಗೆಯ ಸೋರಿಕೆ ಇನ್ನೊಂದು ರೀತಿಯಲ್ಲಿ ಆಗುತ್ತದೆ. ಸುರಂಗದ ಇಂಟರ್‌ಫೇಸ್ ಬಿದ್ದೊಡನೆ ಅದರತ್ತ ತೋರಿಸುತ್ತಿದ್ದ ಮಾರ್ಗವೂ ಪಟ್ಟಿಯಿಂದ ಮಾಯವಾಗಿ, 10.10.1.20ಕ್ಕೆ ಹೊರಟ ಪ್ಯಾಕೆಟ್ ಎಲ್ಲಕ್ಕೂ ಅನ್ವಯಿಸುವ ಡೀಫಾಲ್ಟ್ ಮಾರ್ಗ ಹಿಡಿದು ಬಯಲಿಗೆ ಬರುತ್ತದೆ. ಲೆಕ್ಕಪತ್ರದ ದತ್ತಾಂಶ ಸಾಗುವ ಜಾಲದಲ್ಲಿ ಇದು ಕೇವಲ ಅಡಚಣೆಯಲ್ಲ, ಗೋಪ್ಯತೆಯ ಲೋಪ. ಇತರ ಕಚೇರಿಗಳ ವ್ಯಾಪ್ತಿಗಳಿಗೆ, ಅತಿ ಕಡಿಮೆ ಆದ್ಯತೆಯ ಒಂದು ಬ್ಲ್ಯಾಕ್‌ಹೋಲ್ ಮಾರ್ಗವನ್ನು, ಅಂದರೆ ಬಂದದ್ದನ್ನು ಅಲ್ಲೇ ನುಂಗಿಬಿಡುವ ಮಾರ್ಗವನ್ನು, ಬರೆದಿಟ್ಟರೆ ಸುರಂಗವಿಲ್ಲದಾಗ ಪ್ಯಾಕೆಟ್ ಮನೆಯೊಳಗೇ ಸಾಯುತ್ತದೆ, ಮೇಲೆ ಹೇಳಿದ ತಪ್ಪು ದಾಖಲೆಯೂ ಹುಟ್ಟುವುದಿಲ್ಲ.

ಸುರಂಗವು ಕೆಲವು ಸೆಕೆಂಡಿಗೊಮ್ಮೆ ಎದ್ದು ಬೀಳುತ್ತಿದ್ದರೆ ಕಾರಣ ಬಹುತೇಕ ಅದು ತನ್ನೊಳಗೆ ತಾನೇ ಹೊಗಲು ಯತ್ನಿಸುತ್ತಿರುವುದು. ಒಂದೇ ಗುರಿಗೆ ಹಲವು ಮಾರ್ಗಗಳು ಹೊಂದಿದಾಗ ರೂಟರ್ ಹೆಚ್ಚು ನಿರ್ದಿಷ್ಟವಾದುದನ್ನು, ಅಂದರೆ ಓರೆಗೆರೆಯ ನಂತರದ ಸಂಖ್ಯೆ ದೊಡ್ಡದಿರುವುದನ್ನು, ಆರಿಸಿಕೊಳ್ಳುತ್ತದೆ. ಶಿವಮೊಗ್ಗದ ರೂಟರ್ ಒಎಸ್‌ಪಿಎಫ್‌ನಂಥ ಮಾರ್ಗ ಪ್ರಚಾರದ ಪ್ರೊಟೋಕಾಲಿನ ಮೂಲಕ 203.0.113.0/24 ತನ್ನಲ್ಲಿದೆಯೆಂದು ಸುರಂಗದೊಳಗೆ ಸಾರಿದರೆ, ಅದು ಸಾಗರದ ಡೀಫಾಲ್ಟ್ ಮಾರ್ಗಕ್ಕಿಂತ ನಿರ್ದಿಷ್ಟವಾದ್ದರಿಂದ, ಸಾಗರದ ರೂಟರ್ ಹೊದಿಕೆಯ ಪ್ಯಾಕೆಟನ್ನೂ ಸುರಂಗಕ್ಕೇ ತುರುಕುತ್ತದೆ. ಸುರಂಗ ಬೀಳುತ್ತದೆ, ಪ್ರಚಾರ ನಿಲ್ಲುತ್ತದೆ, ಹಳೆಯ ಮಾರ್ಗ ಮರಳುತ್ತದೆ, ಸುರಂಗ ಏಳುತ್ತದೆ, ಮತ್ತೆ ಅದೇ ಕತೆ. ಸಿಸ್ಕೊ ರೂಟರ್‌ಗಳು ಇದನ್ನು ರಿಕರ್ಸಿವ್ ರೂಟಿಂಗ್ ಎಂದು ದಾಖಲೆಯಲ್ಲಿ ಹೆಸರಿಟ್ಟು ಹೇಳುತ್ತವೆ. ಎದುರು ತುದಿಯ ಹೊರವಿಳಾಸಕ್ಕೆ, 203.0.113.10/32ಕ್ಕೆ, ಸೇವಾದಾರರ ಗೇಟ್‌ವೇ ಮೂಲಕ ಸ್ಥಿರ ಮಾರ್ಗವೊಂದನ್ನು ಕೈಯಾರೆ ಬರೆದರೆ ಈ ಚಕ್ರ ಮುರಿಯುತ್ತದೆ, ಏಕೆಂದರೆ 32ಕ್ಕಿಂತ ನಿರ್ದಿಷ್ಟವಾದದ್ದು ಇನ್ನಿಲ್ಲ. ಶಾಖೆಯ ಸಮಸ್ತ ಇಂಟರ್ನೆಟ್ ಬಳಕೆಯನ್ನೂ ಮುಖ್ಯ ಕಚೇರಿಯ ಮೂಲಕವೇ ಹಾಯಿಸುವ ಏರ್ಪಾಟಿನಲ್ಲಂತೂ ಇದು ಕಡ್ಡಾಯ.

ಹಿಂದಿರುಗುವ ದಾರಿ

ಮಾರ್ಗವನ್ನು ಪ್ರತಿಯೊಂದು ದಿಕ್ಕಿಗೂ ಬೇರೆಯಾಗಿ ಬರೆಯಬೇಕಾಗುತ್ತದೆ, ಹೋಗುವ ದಾರಿ ಗೊತ್ತಿರುವುದರಿಂದ ಬರುವ ದಾರಿ ಗೊತ್ತಾಗುವುದಿಲ್ಲ. ಲೆಕ್ಕಪತ್ರದ ಸರ್ವರಿನ ಗೇಟ್‌ವೇ ಸುರಂಗದ ರೂಟರ್ ಆಗಿರದೆ, ಎರಡನೆಯ ಸೇವಾದಾರರ ಸಂಪರ್ಕಕ್ಕೆಂದು ಇಟ್ಟ ಬೇರೊಂದು ಫೈರ್‌ವಾಲ್ ಆಗಿದ್ದರೆ, ಸಾಗರದಿಂದ ಬಂದ ಕೋರಿಕೆಗೆ ಸರ್ವರ್ ನಿಷ್ಠೆಯಿಂದ ಉತ್ತರ ಕೊಟ್ಟರೂ ಅದು ಆ ಫೈರ್‌ವಾಲಿನ ಕೈಗೆ ಬೀಳುತ್ತದೆ. ಸಂಭಾಷಣೆಯ ಆರಂಭವನ್ನೇ ಕಾಣದ ಫೈರ್‌ವಾಲ್ ನಡುವಿನಿಂದ ಬಂದ ಉತ್ತರವನ್ನು ಅನುಮಾನಿಸಿ ಬಿಸಾಡುತ್ತದೆ. ಸಾಗರದಲ್ಲಿ ನಿಂತು ಎಷ್ಟು ಹೊತ್ತು ನೋಡಿದರೂ ಈ ದೋಷ ಕಾಣದು. ಲಿನಕ್ಸ್ ರೂಟರಿನಲ್ಲಿ ‘ಐಪಿ ರೂಟ್ ಗೆಟ್’ ಆಜ್ಞೆಗೆ ಗುರಿಯ ವಿಳಾಸವನ್ನು ಕೊಟ್ಟರೆ ಅದು ಆ ಕ್ಷಣದಲ್ಲಿ ಹಿಡಿಯಲಿರುವ ದಾರಿಯನ್ನು ಹೇಳುತ್ತದೆ. ಈ ಪ್ರಶ್ನೆಯನ್ನು ಶಾಖೆಯಲ್ಲಿ ಸರ್ವರಿನ ವಿಳಾಸ ಕೊಟ್ಟು ಕೇಳಿದಂತೆಯೇ ಮುಖ್ಯ ಕಚೇರಿಯಲ್ಲಿ 10.10.2.15ರ ವಿಳಾಸ ಕೊಟ್ಟೂ, ಸಾಧ್ಯವಾದರೆ ಸರ್ವರಿನ ಮೇಲೆಯೂ ಕೇಳಬೇಕು. ಹೋದ ದಾರಿಯಲ್ಲೇ ಬಾರದ ಪ್ಯಾಕೆಟನ್ನು ಲಿನಕ್ಸ್‌ನ ‘ಆರ್‌ಪಿ ಫಿಲ್ಟರ್’ ಕೂಡ ಎಸೆಯುತ್ತದೆ. ಅದರ ಬೆಲೆ 1 ಆಗಿದ್ದರೆ ಕಟ್ಟುನಿಟ್ಟು, 2 ಆಗಿದ್ದರೆ ಸಡಿಲ.

ಸಾಗರ ಮತ್ತು ತೀರ್ಥಹಳ್ಳಿ ಎರಡೂ ಶಿವಮೊಗ್ಗದೊಂದಿಗೆ ಮಾತಾಡುತ್ತ ತಮ್ಮತಮ್ಮಲ್ಲಿ ಮಾತಾಡದಿರುವುದೂ ಸೆಲೆಕ್ಟರಿನ ಲೆಕ್ಕವೇ. ಸಾಗರ-ಶಿವಮೊಗ್ಗ ಸುರಂಗದ ಸೆಲೆಕ್ಟರಿನಲ್ಲಿ 10.10.3.0/24 ಕೂಡ ಶಿವಮೊಗ್ಗದ ಕಡೆಯದೆಂದು ಬರೆದಿರಬೇಕು, ತೀರ್ಥಹಳ್ಳಿಯದರಲ್ಲಿ 10.10.2.0/24 ಹಾಗೆಯೇ ಇರಬೇಕು, ಶಿವಮೊಗ್ಗದ ಫೈರ್‌ವಾಲ್ ಒಂದು ಸುರಂಗದಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸಲು ಒಪ್ಪಬೇಕು. ಈ ಮೂರರಲ್ಲಿ ಎರಡನ್ನು ಮಾಡಿ ಮೂರನೆಯದನ್ನು ಮರೆಯುವುದೇ ವಾಡಿಕೆ.

ಎರಡೂ ಕಚೇರಿಗಳು 192.168.1.0/24 ಬಳಸುತ್ತಿದ್ದರೆ ಯಾವ ಮಾರ್ಗವೂ ಸಹಾಯಕ್ಕೆ ಬಾರದು. ಕಂಪ್ಯೂಟರ್ ಗುರಿಯನ್ನು ತನ್ನ ಕೋಣೆಯಲ್ಲೇ ಇದೆಯೆಂದು ಭಾವಿಸಿ ರೂಟರಿಗೆ ಪ್ಯಾಕೆಟನ್ನೇ ಕೊಡುವುದಿಲ್ಲ. ಒಂದಕ್ಕೊಂದು ವಿಳಾಸ ಬದಲಿಸಿ ತೋರಿಸುವ ನ್ಯಾಟ್ ಇದಕ್ಕೆ ತಾತ್ಕಾಲಿಕ ತೇಪೆ, ಒಂದು ಕಚೇರಿಯ ವಿಳಾಸಗಳನ್ನು ಬದಲಾಯಿಸುವುದೇ ನಿಜವಾದ ಪರಿಹಾರ.

ಸಣ್ಣದು ಹಾಯುತ್ತದೆ, ದೊಡ್ಡದು ನಿಲ್ಲುತ್ತದೆ

ಪಿಂಗ್ ಉತ್ತರಿಸುತ್ತದೆ, ಲಾಗಿನ್ ಪುಟವೂ ತೆರೆಯುತ್ತದೆ, ಆದರೆ ವರದಿಯೊಂದನ್ನು ಕೇಳಿದೊಡನೆ ಪರದೆ ಸ್ತಬ್ಧವಾಗುತ್ತದೆ ಎಂದರೆ ದೋಷವಿರುವುದು ಪ್ಯಾಕೆಟಿನ ಗಾತ್ರದಲ್ಲಿ. ಈಥರ್‌ನೆಟ್ ಒಂದು ಪ್ಯಾಕೆಟಿನಲ್ಲಿ 1500 ಬೈಟ್ ಒಯ್ಯುತ್ತದೆ, ಈ ಮಿತಿಗೆ ಎಂಟಿಯು ಎನ್ನುತ್ತಾರೆ. ಬ್ರಾಡ್‌ಬ್ಯಾಂಡಿನಲ್ಲಿ ಸಾಮಾನ್ಯವಾದ ಪಿಪಿಪಿಒಇ ಅದರಲ್ಲಿ 8 ಬೈಟ್ ತಿಂದು 1492 ಉಳಿಸುತ್ತದೆ, ವೈರ್‌ಗಾರ್ಡ್ ಹೊದಿಕೆ ಐಪಿವಿ4ರ ಮೇಲೆ 60, ಐಪಿವಿ6ರ ಮೇಲೆ 80 ಬೈಟ್ ಬೇಡುತ್ತದೆ, ಐಪಿಸೆಕ್ ಆಯ್ದ ವಿಧಾನಕ್ಕೆ ತಕ್ಕಂತೆ ಸುಮಾರು 50ರಿಂದ 90 ಬೇಡುತ್ತದೆ, ಜಿಆರ್‌ಇ ಎಂಬ ಇನ್ನೊಂದು ಹೊದಿಕೆ ಸೇರಿದರೆ ಇನ್ನೂ 24. ವೈರ್‌ಗಾರ್ಡಿನ ರೂಢಿಯ 1420 ಎಂಬ ಮಿತಿಯು ಪಿಪಿಪಿಒಇ ಮೇಲೆ ಐಪಿವಿ4 ಹೊದಿಕೆಯಿದ್ದಾಗ 1480 ಆಗಿ ಹಿಡಿಸುತ್ತದೆ, ಅದೇ ಐಪಿವಿ6 ಆದರೆ 1500 ಆಗಿ 1492ರಲ್ಲಿ ಹಿಡಿಸದು. ಸೇವಾದಾರರು ಐಪಿವಿ6 ಕೊಟ್ಟ ದಿನದಿಂದ ತೊಂದರೆ ಶುರುವಾಗುವುದು ಹೀಗೆ.

ಗಾತ್ರ ಮೀರಿದ ಪ್ಯಾಕೆಟನ್ನು ಕಂಡ ರೂಟರ್ ‘ಇದು ದೊಡ್ಡದಾಯಿತು, ಚಿಕ್ಕದು ಕಳಿಸು’ ಎಂದು ಐಸಿಎಂಪಿ ಸಂದೇಶದ ಮೂಲಕ ಕಳಿಸಿದವನಿಗೆ ಹೇಳಬೇಕು. 1990ರಿಂದಲೂ ಇರುವ ಈ ಸೌಜನ್ಯದ ಪದ್ಧತಿ, ಭದ್ರತೆಯ ಹೆಸರಿನಲ್ಲಿ ಐಸಿಎಂಪಿಯನ್ನು ಸಾರಾಸಗಟು ತಡೆಯುವ ಫೈರ್‌ವಾಲ್‌ಗಳಿಂದಾಗಿ ಕೆಲಸ ಮಾಡದೆ, ಸರ್ವರ್ ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತ ಕೂರುತ್ತದೆ. ಮಿತಿಯನ್ನು ಅಳೆಯಲು, ತುಂಡರಿಸಬಾರದೆಂಬ ಗುರುತಿನೊಂದಿಗೆ 1372 ಬೈಟಿನ ಪಿಂಗ್ ಕಳಿಸಬೇಕು. ಶೀರ್ಷಿಕೆಗಳ 28 ಬೈಟ್ ಸೇರಿ ಅದು 1400 ಆಗುತ್ತದೆ. ಅದು ದಾಟಿದರೆ ಸಂಖ್ಯೆಯನ್ನು ಏರಿಸುತ್ತ, ಇಲ್ಲವಾದರೆ ಇಳಿಸುತ್ತ ಹೋದರೆ ನಿಜವಾದ ಮಿತಿ ಸಿಗುತ್ತದೆ. ಸುರಂಗದ ಎಂಟಿಯುವನ್ನು ಆ ಮಿತಿಗೆ ಇಳಿಸಿ, ಜೊತೆಗೆ ಟಿಸಿಪಿ ಸಂಪರ್ಕಗಳು ಆರಂಭದಲ್ಲೇ ಚಿಕ್ಕ ಗಾತ್ರಕ್ಕೆ ಒಪ್ಪುವಂತೆ ಎಂಎಸ್‌ಎಸ್ ಅನ್ನು 40 ಬೈಟ್ ಕಡಿಮೆ, ಅಂದರೆ 1400ಕ್ಕೆ 1360, ಎಂದು ರೂಟರಿನಲ್ಲಿ ಬಿಗಿಗೊಳಿಸುವುದು ಸುಲಭದ ಉಪಾಯ. ಎರಡು ತುದಿಗಳ ಎಂಟಿಯು ಬೇರೆಬೇರೆಯಾದರೆ ಒಎಸ್‌ಪಿಎಫ್ ನೆರೆಹೊರೆಯ ಸಂಬಂಧ ‘ಎಕ್ಸ್‌ಸ್ಟಾರ್ಟ್’ ಹಂತದಲ್ಲೇ ಸಿಕ್ಕಿಕೊಳ್ಳುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು.

ಗಡಿಯಾರ ನೋಡಿ ಬರುವ ದೋಷ

ಸುರಂಗ ಎದ್ದಾಗಿನಿಂದ ಸರಿಯಾಗಿ ಒಂದು ಗಂಟೆಗೋ ಎಂಟು ಗಂಟೆಗೋ ನಿಂತುಹೋಗುವುದಾದರೆ ಕೀಲಿಗಳ ನವೀಕರಣವನ್ನು ಶಂಕಿಸಬೇಕು, ಮತ್ತು ಇಲ್ಲಿ ಮಾತ್ರ ಮುದ್ರೆ ಒತ್ತುವವನನ್ನು ವಿಚಾರಿಸುವುದು ನ್ಯಾಯ. ಐಪಿಸೆಕ್‌ನ ಕೀಲಿ ಮಾತುಕತೆ ನಡೆಸುವ ಐಕೆಇ ಪ್ರೊಟೋಕಾಲಿನ ಎರಡನೆಯ ಆವೃತ್ತಿಯಲ್ಲಿ ಮೊದಲ ದತ್ತಾಂಶ ಕೀಲಿಯು ಆರಂಭದ ಮಾತುಕತೆಯಿಂದಲೇ ಹುಟ್ಟುವುದರಿಂದ, ಪಿಎಫ್‌ಎಸ್ ಎಂಬ ಹೆಚ್ಚುವರಿ ಕೀಲಿ ವಿನಿಮಯದ ಗುಂಪು ಎರಡು ತುದಿಗಳಲ್ಲಿ ಬೇರೆಯಾಗಿದ್ದರೂ ಸುರಂಗ ನಿರಾತಂಕವಾಗಿ ಏಳುತ್ತದೆ. ವ್ಯತ್ಯಾಸ ಬೆಳಕಿಗೆ ಬರುವುದು ಮೊದಲ ನವೀಕರಣದಲ್ಲಿ. ವೈರ್‌ಗಾರ್ಡಿನಲ್ಲಿ ಎದುರು ತುದಿಯನ್ನು ಹೆಸರಿನಿಂದ ಗುರುತಿಸಿದ್ದರೆ, ಆ ಹೆಸರನ್ನು ವಿಳಾಸಕ್ಕೆ ಬಿಡಿಸುವುದು ಸಂರಚನೆಯನ್ನು ಜಾರಿಗೊಳಿಸುವಾಗ ಒಮ್ಮೆ ಮಾತ್ರವಾದ್ದರಿಂದ, ಮುಖ್ಯ ಕಚೇರಿಯ ವಿಳಾಸ ರಾತ್ರಿ ಬದಲಾದರೆ ಶಾಖೆಯು ಬೆಳಗಿನವರೆಗೂ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ನಿಗದಿತ ಸಮಯಕ್ಕೊಮ್ಮೆ ಹೆಸರನ್ನು ಮತ್ತೆ ಬಿಡಿಸುವ ಸಣ್ಣ ಸ್ಕ್ರಿಪ್ಟ್ ಇದಕ್ಕೆ ಸಾಕು.

ಆದ್ದರಿಂದ ದುರಸ್ತಿಯ ನಂತರದ ಪರೀಕ್ಷೆಯನ್ನು ಒಂದು ಪಿಂಗ್‌ಗೆ ಮುಗಿಸಬಾರದು. ಕೌಂಟರಿನ ಕಂಪ್ಯೂಟರಿನಿಂದ ದೊಡ್ಡ ವರದಿಯೊಂದನ್ನು ತೆರೆಸಿ, ಶಿವಮೊಗ್ಗದಿಂದ ಸಾಗರದ ಪ್ರಿಂಟರಿಗೆ ಮುದ್ರಣವೊಂದನ್ನು ಕಳಿಸಿ, ಶಾಖೆಯ ಬ್ರಾಡ್‌ಬ್ಯಾಂಡ್ ಕೇಬಲನ್ನು ಒಂದೆರಡು ನಿಮಿಷ ಕಿತ್ತು ಮತ್ತೆ ಸಿಕ್ಕಿಸಿ, ಸುರಂಗ ಯಾರೂ ಮುಟ್ಟದೆ ಏಳುತ್ತದೆಯೇ, ಎದ್ದ ಮೇಲೆ ಫೋನು ಮಾತಾಡುತ್ತದೆಯೇ ಎಂದು ನೋಡಿ, ಕನಿಷ್ಠ ಒಂದು ಕೀಲಿ ನವೀಕರಣ ದಾಟುವವರೆಗೆ ಪಿಂಗನ್ನು ಓಡಲು ಬಿಟ್ಟು, ಆ ಹೊತ್ತಿನ ಎರಡೂ ತುದಿಗಳ ಮಾರ್ಗಪಟ್ಟಿಯನ್ನೂ ನಾಲ್ಕು ಎಣಿಕೆಗಳನ್ನೂ ದಿನಾಂಕದೊಡನೆ ಬರೆದು ರೂಟರ್ ಇಟ್ಟ ಕಪಾಟಿನ ಬಾಗಿಲಿಗೆ ಅಂಟಿಸಿಡಬೇಕು.